ಕುಂಕುಮ ಬೇಡದ ಫ್ರೆಂಚ್ ಕರೆ

ಮಂದಿ ಮನಿ ಸುದ್ದಿಗಿ ನಾ ಹೋಗಂಗಿಲ್ಲ. ಸುದ್ದಿನೇ ಶಹಾಬಜಾರದ ನಮ್ಮ ಓಣಿ ಹುಡುಕ್ಕೋತ ಬಂದು ನನ್ನ ಕಟ್ಟಿ ಮ್ಯಾಲ ಕೂಡತದ. ಮೂರನೇತ್ತೆ ಕಲ್ತು ಬಿಟ್ಟಾಕಿ ನಾ. ಈ ವಯಸ್ಸಿನಾಗ ನನಗ ಫ್ರೆಂಚ್ ಬರತದ ಅಂದ್ರ ನಗಬ್ಯಾಡ್ರಿ. ಬರೋದು ಒಂದೇ ಮಾತು, ಆದ್ರ ಅದು ಮಾಡಿದ ಗದ್ದಲ ಸಣ್ಣದಲ್ಲ.

ರೊಟ್ಟಿ ಬಡಿಯೋಮುಂದ ಕಲ್ತದ್ದು

ಮೊಮ್ಮಗಳು ಕಾಲೇಜಿನಾಗ ಫ್ರೆಂಚ್ ತಗೊಂಡಾಳ. ಅದ್ಯಾಕವ್ವಾ ಅಂದ್ರ, "ಮಾರ್ಕ್ಸ್ ಛಲೋ ಬೀಳ್ತಾವ ಆಯಿ" ಅಂತಾಳ. ಒಂದಿನ ನಾ ರೊಟ್ಟಿ ಬಡಿಯಾಕತ್ತಿದ್ದೆ. ಆಕಿ ಬಾಜೂಕ ಕುಂತು, "ವ್ಯಾಂ ಅವೆಕ್ ನೂ, ವ್ಯಾಂ ಅವೆಕ್ ನೂ" ಅಂತ ಒದರಾಕತ್ತಿದ್ದಳು.

"ಯಾರಿಗೆ ಬೈಯಾಕತ್ತೀಯವ್ವಾ?"

"ಬೈಗಳಲ್ಲ ಆಯಿ. ಯಾರರೆ ಒಬ್ಬರೇ ದೂರ ಕುಂತಿದ್ರ, ನಮ್ಮ ಗುಂಪಿಗೆ ಬಾ, ನಮ್ಮ ಕೂಡ ಕೂಡು ಅಂತ ಧೈರ್ಯ ಕೊಟ್ಟು ಕರಿಯೋದು."

ರೊಟ್ಟಿ ಬಡಿತಕ್ಕ ಆ ಮಾತು ಬರೋಬರ್ ಕೂಡ್ತು. ಅರ್ಧ ಮೂಗಿನಾಗ ಅನ್ನಬೇಕಂತ. ನನಗ ಅವತ್ತು ನೆಗಡಿ ಆಗಿತ್ತು. ಮೊಮ್ಮಗಳು ತಿಂಗಳುಗಟ್ಟಲೆ ತಿಣುಕಿದ್ದು ನನಗ ಒಂದು ರೊಟ್ಟಿ ಬೇಯೋದರಾಗ ಬಂತು.

ಕಟ್ಟಿಗೆ ಕರೆದದ್ದು

ಎದುರಮನಿಗೆ ಬಾಡಿಗೆ ಬಂದ ಹೆಣ್ಮಗಳು ಯಾರ ಕೂಡನೂ ಮಾತಾಡ್ತಿರಲಿಲ್ಲ. ಗಂಡ ರಾತ್ರಿ ಮನಿಗೆ ಬರ್ತಿರಲಿಲ್ಲ. ನಮ್ಮ ಕಟ್ಟಿ ಹೆಂಗಸರೆಲ್ಲ ಸೇರಿ ಅವನಿಗೆ ಸ್ಟೇಶನ್ ಬಜಾರದಾಗ ಇನ್ನೊಂದು ಸಂಸಾರ ಹೂಡಿಕೊಟ್ಟಿದ್ವಿ. ಆ ಇನ್ನೊಬ್ಬಾಕಿ ಸೀರಿ ಬಣ್ಣ ಸೈತ ನಾನೇ ಹೇಳಿದ್ದೆ.

ಒಂದು ಸಂಜಿ ಆಕಿ ಬಾಗಿಲದಾಗ ಒಬ್ಬಾಕಿನೇ ನಿಂತಿದ್ದಳು. ಮೊಮ್ಮಗಳ ಮಾತು ನೆನಪಾತು. "ವ್ಯಾಂ ಅವೆಕ್ ನೂ!" ಅಂತ ಕೂಗಿದೆ. ಗಾಬರಿಯಾಗಿ ಓಡಿ ಬಂದಳು. ಅರ್ಥ ಹೇಳಿದ ಮ್ಯಾಲ ನಕ್ಕು ಕುಂತಳು. ಸ್ಟೇಶನ್ ಬಜಾರ ಖರೇನೇ ಇತ್ತು. ಅಲ್ಲಿ ಒಂದು ಲಾಡ್ಜಿನಾಗ ಆಕಿ ಗಂಡಂದು ರಾತ್ರಿ ಪಾಳಿ.

ಹೆಣ್ಮಗಳು ಬಂಗಾರದಂಥಾಕಿ. ಆದ್ರ ಆಕಿ ಬಂದು ಕುಂತ ದಿನದಿಂದ ನಮ್ಮ ಕಟ್ಟಿಗೆ ಮಾತಾಡಾಕ ಏನೂ ಉಳಿದಿಲ್ಲ.

ಕಮಲಾಪುರದ ಕುಬಸ

ಇದು ನಗೋ ಸುದ್ದಿ ಅಲ್ಲ. ಆದ್ರೂ ಕಡೀಕ ನಕ್ಕೆ.

ನನ್ನ ತಂಗಿನ್ನ ಕಮಲಾಪುರಕ್ಕ ಕೊಟ್ಟಾರ. ಗಂಡ ತೀರ್ಕೊಂಡು ಭಾಳ ವರ್ಷ ಆದ್ವು. ಈಗ ಸೊಸಿ ಬಸುರಿ. ಹಸರ ಸೀರಿ ಉಡಿಸಿ, ಉಡಿ ತುಂಬಿ, ಆರತಿ ಮಾಡೋ ಕುಬಸದ ಕಾರ್ಯ ಇಟ್ಟಿದ್ರು. ಇಂಥಾದ್ದಕ್ಕ ಹಣಿಗೆ ಕುಂಕುಮ ಹಚ್ಚಿ ಕರೀಬೇಕು. ಕುಂಕುಮ ಇಲ್ಲದ ಕರೆ ಕರೆಯಲ್ಲ. ಗಂಡ ಸತ್ತಾಕಿಗೆ ಕುಂಕುಮ ಹಚ್ಚಂಗಿಲ್ಲ. ಹಿಂಗಾಗಿ ಸ್ವಂತ ಮನಿ ಕಾರ್ಯಕ್ಕ ನನ್ನ ತಂಗಿಗೇ ಕರೆ ಇಲ್ಲ. ಸೊಸಿ ವಾಂತಿ ಬಳದಾಕಿ, ಕಾಲು ತಿಕ್ಕಿದಾಕಿ, ಅಡಗಿಮನಿಯಾಗ ಹೊಗಿ ಕುಡಕೋತ ಹೋಳಿಗಿ ಬೇಯಿಸಾಕತ್ತಿದ್ದಳು. ನನ್ನ ಮುದುಕ ಕೋಲೂರಿಕೊಂಡಾದ್ರೂ ಉಸಿರಾಡಾಕತ್ತಾನ, ಅದೊಂದೇ ಪುಣ್ಯಕ್ಕ ನನಗ ಮುಂದಿನ ಸಾಲು.

ಸೊಸಿ ಮಣಿ ಮ್ಯಾಲ ಕುಂತು ಅಡಗಿಮನಿ ಬಾಗಿಲ ಕಡೆನೇ ನೋಡಾಕತ್ತಿದ್ದಳು. ನನಗ ತಡಿಲಿಲ್ಲ. ಆ ಮನಿಗೆ ಹಿರೇಕಿ ಅಂದ್ರ ತಂಗಿಯ ನೆಗೆಣ್ಣಿ, ಭಾವನ ಹೆಂಡ್ತಿ. ಆಕಿಗೆ ಅಂದೆ: "ಅತ್ತಿ ಇಲ್ಲದ ಎಂಥಾ ಕುಬಸ್ರಿ? ಕರೀರಿ ಆಕಿನ್ನ."

"ಹ್ಯಾಂಗ ಕರೀಬೇಕ್ರಿ ಅಕ್ಕಾರ? ಕುಂಕುಮ ಹಚ್ಚದ ಕರಿಯೋ ಪದ್ಧತಿ ನಮ್ಮಲ್ಲಿ ಇಲ್ಲ."

"ನಿಮ್ಮಲ್ಲಿ ಇಲ್ಲ. ಫ್ರೆಂಚಿನಾಗ ಅದ."

ಎದ್ದು ಹೋಗಿ ಅಡಗಿಮನಿ ಬಾಗಿಲದಾಗ ನಿಂತು ಕೂಗಿದೆ: "ವ್ಯಾಂ ಅವೆಕ್ ನೂ!"

ತಂಗಿ ಕೈಯಾಗಿನ ಲಟ್ಟಣಿಗಿ ಅಲ್ಲೇ ನಿಂತಿತು. "ಏನ್ ಬಂತಕ್ಕಾ ನಿನಗ?"

"ನಮ್ಮ ಕೂಡ ಬಂದು ಕೂಡು ಅಂದೆ. ಈ ಭಾಷಾದಾಗ ಕರಿಯಾಕ ಕುಂಕುಮ ಬೇಕಾಗಿಲ್ಲ."

ಆಕಿ ಅಲ್ಲಾಡಲಿಲ್ಲ. "ಬ್ಯಾಡಕ್ಕಾ. ನಾಳಿ ಕೂಸಿಗೆ ಏನರೆ ಆದ್ರ ನನ್ನ ಮ್ಯಾಲ ಬರತದ."

ಆಗ ಮಣಿ ಮ್ಯಾಲಿಂದ ಸೊಸಿ ದನಿ ಬಂತು. "ವ್ಯಾಂ ಅವೆಕ್ ನೂ, ಅತ್ತಿ! ನೀವು ಬರೋತನ ಯಾರ ಕಡಿಂದನೂ ಉಡಿ ತುಂಬಿಸ್ಕೊಳ್ಳಂಗಿಲ್ಲ ನಾ."

ತಂಗಿ ಹಿಟ್ಟಿನ ಕೈ ಸೆರಗಿಗೆ ಒರಸಿಕೋತ ಬಂದಳು. ಹಿತ್ತಲದಾಗ ತಾನೇ ಬೆಳದ ಕೆಂಪು ಬಾಳಿಹಣ್ಣು ಸೊಸಿ ಉಡಿಯಾಗ ಇಟ್ಟಳು. ಆಮ್ಯಾಲನೇ ನಾವೆಲ್ಲ ಉಡಿ ತುಂಬಿದ್ವಿ.

ನೆಗೆಣ್ಣಿ ಮಾತ್ರ ಊಟ ಮುಗಿಯೋತನ ಮಾರಿ ಗಂಟು ಹಾಕ್ಕೊಂಡೇ ಇದ್ದಳು. ನಾ ಬಸ್ಸಿಗೆ ಹೊಂಟಾಗ ಬಾಗಿಲ ತನಕ ಬಂದು, ಅತ್ತಿತ್ತ ನೋಡಿ, ನನ್ನ ಸೆರಗ ಹಿಡಿದಳು.

"ಅಕ್ಕಾರ, ಆ ಮಾತು ಜರಾ ನನಗೂ ಕಲಸ್ರಿ."

"ಯಾಕ್ರಿ, ಯಾರನ್ನ ಕರೀಬೇಕಾಗ್ಯಾದ?"

"ನಾ ಕರಿಯಾಕಲ್ರಿ, ನನ್ನ ಕರಿಯಾಕ. ಸೊಸೆದೇರಿಗೆ ಕಲಿಸಿಡತೀನಿ. ನಮ್ಮನಿಯವರಿಗೆ ಈ ಸಲ ಕೆಮ್ಮು ಭಾಳ ಜೋರ ಆಗ್ಯಾದ."