ಪದ್ದತ್ತೆ ಸಿಂಹದ ಮುಖ ನೋಡಿದ್ದು

ಕಣ್ಣಿನ ಪೊರೆ ತೆಗೆಸಿಕೊಂಡು ಲೋಕವನ್ನು ಹೊಸದಾಗಿ ನೋಡುತ್ತಿರುವವರ ಎದುರಿಗೆ ಹೋಗಿ ನಿಲ್ಲಬೇಕಾದರೆ ಗಟ್ಟಿ ಗುಂಡಿಗೆ ಬೇಕು. ಅಷ್ಟು ವರ್ಷ ಮಂಜುಮಂಜಾಗಿ ಕಂಡ ನಮ್ಮನ್ನು ಅವರು ಮನಸ್ಸಿನಲ್ಲೇ ತಿದ್ದಿ ತೀಡಿ ಚೆಂದ ಮಾಡಿಟ್ಟುಕೊಂಡಿರುತ್ತಾರೆ. ಪಟ್ಟಿ ಬಿಚ್ಚಿದ ಕೂಡಲೇ ಆ ಚೆಂದವೆಲ್ಲ ಬಿದ್ದುಹೋಗುತ್ತದೆ. ರಾರಾವಿಯಲ್ಲಿರುವ ನನ್ನ ಸೋದರತ್ತೆ ಪದ್ದತ್ತೆ ಬಳ್ಳಾರಿಗೆ ಬಂದು ಕಣ್ಣು ಮಾಡಿಸಿಕೊಂಡು, ಗಾಂಧಿನಗರದ ನಮ್ಮ ಮನೆಯಲ್ಲಿ ಉಳಿದಿದ್ದಾಗ ನನಗೆ ಈ ಸತ್ಯ ತಿಳಿಯಿತು. ಮೊದಲು ನಾನೇ ಕಾಣಬೇಕು ಎಂಬ ಆಸೆಯಿಂದ ತಲೆ ಬಾಚಿಕೊಂಡು ಎದುರಿಗೆ ನಿಂತೆ. ಅತ್ತೆ ದಿಟ್ಟಿಸಿ ನೋಡಿದರು. “ಯಾರಿದು, ಪಾಣಿ ಏನು? ಅಯ್ಯ ನನ್ನಪ್ಪಾ, ಯಾವಾಗ ಇಷ್ಟು ಮುದುಕ ಆದ್ಯೋ!” ಅಂದರು. ಹಿಂದೆ ನಿಂತು ನಗುತ್ತಿದ್ದ ನನ್ನ ಹೆಂಡತಿ ವಿಜಯಾಳಿಗೂ ಅವಳ ಪಾಲು ಸಿಕ್ಕಿತು. “ವಿಜೀ, ತಲಿಗೆ ಬಣ್ಣ ಹಚ್ಚೀಯೇನವ್ವ? ಕಿವಿ ಹತ್ರ ಬಿಟ್ಟೈತಿ ನೋಡು.” ಅವತ್ತಿನಿಂದ ನಮ್ಮ ಮನೆಯ ಜೇಡಗಳಿಗೂ ನೆಮ್ಮದಿ ಇಲ್ಲವಾಯಿತು.

ಇನ್ನು ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ಡಾಕ್ಟರು ಹೇಳಿದ ದಿನ, “ಹೊಸ ಕಣ್ಣಿಂದ ಏನು ನೋಡ್ತೀರಿ ಹೇಳ್ರಿ ಅತ್ತಿ, ಕರ್ಕೊಂಡು ಹೋಗ್ತೀನಿ” ಅಂದೆ. ಮಂತ್ರಾಲಯ ಎನ್ನುತ್ತಾರೆ, ಬಹಳವೆಂದರೆ ತಿರುಪತಿ ಎನ್ನುತ್ತಾರೆ ಎಂದುಕೊಂಡಿದ್ದೆ. ಅತ್ತೆ ಸೆರಗಿನ ತುದಿ ತಿರುವುತ್ತ, ಮದುವೆಗೆ ಹುಡುಗನ ಹೆಸರು ಹೇಳುವವರ ಹಾಗೆ ನಾಚಿಕೊಂಡು, “ಸಿಂಹ ನೋಡಬೇಕೋ” ಅಂದರು.

ಅವರ ಗಂಡನ ಮನೆಯ ದೇವರು ನರಸಿಂಹ. “ಮದುವಿ ಆಗಿ ಬಂದಾಗಿಂದ ಅವನ ಮುಂದ ದೀಪ ಹಚ್ಚೀನಿ. ಅರ್ಧ ಮನುಷ್ಯ, ಅರ್ಧ ಸಿಂಹ. ಮನುಷ್ಯರನ್ನ ಬೇಕಾದಷ್ಟು ನೋಡೀನಿ, ಸಾಕಾಗೈತಿ. ಉಳಿದರ್ಧ ಹೆಂಗ ಇರ್ತೈತಿ ಅಂತ ಒಮ್ಮಿನೂ ನೋಡಿಲ್ಲ” ಅಂದರು.

ಆದರೆ ನನಗೂ ಪ್ರಾಣಿಗಳಿಗೂ ಅಷ್ಟಕ್ಕಷ್ಟೆ. ನನ್ನ ಹೆಸರು ಚಕ್ರಪಾಣಿಯೇ ಹೊರತು, ಕೈಯಲ್ಲಿ ಊಟದ ಡಬ್ಬಿ ಬಿಟ್ಟು ಬೇರೆ ಆಯುಧವನ್ನು ಇದುವರೆಗೆ ಹಿಡಿದವನಲ್ಲ. ನಮ್ಮ ಓಣಿಯ ತಿರುವಿನಲ್ಲಿ ಒಂದು ಕೆಂದ ನಾಯಿ ಮಲಗಿರುತ್ತದೆ. ಅದರ ದೆಸೆಯಿಂದ ನಾನು ಆಫೀಸಿಗೆ ಸುತ್ತುಬಳಸಿನ ದಾರಿಯಲ್ಲಿ ಹೋಗುತ್ತೇನೆ. ಕೇಳಿದವರಿಗೆ ವಾಕಿಂಗ್ ಎಂದು ಹೇಳುತ್ತೇನೆ. ಮೊದಲಾಗಿದ್ದರೆ ಬಳ್ಳಾರಿಯಲ್ಲೇ ಒಂದು ಸಣ್ಣ ಮೃಗಾಲಯವಿತ್ತು. ಈಗ ಪ್ರಾಣಿ ನೋಡಬೇಕೆಂದರೆ ಕಮಲಾಪುರದ ದೊಡ್ಡ ಮೃಗಾಲಯಕ್ಕೇ ಹೋಗಬೇಕು. “ದೂರ ಆಗ್ತದ್ರಿ ಅತ್ತಿ, ಕಾರು ಬೇಕು” ಎಂದು ಮೆಲ್ಲಗೆ ಜಾರಿಕೊಳ್ಳಲು ನೋಡಿದೆ. ವಿಜಯಾ ಅಷ್ಟರಲ್ಲಿ ಕುರುಗೋಡಿನ ತನ್ನ ತಮ್ಮ ರಘುವಿಗೆ ಫೋನು ಹಚ್ಚಿಯಾಗಿತ್ತು. ಭಾನುವಾರ ಬೆಳಿಗ್ಗೆ ರಘು ಕಾರು ತಂದು ನಮ್ಮ ಬಾಗಿಲಿಗೇ ನಿಲ್ಲಿಸಿದ.

ಅತ್ತೆ ಹೊರಗಿನ ನೀರನ್ನೂ ಮುಟ್ಟುವವರಲ್ಲವಾದ್ದರಿಂದ ನೀರು, ಹಚ್ಚಿದ ಅವಲಕ್ಕಿ, ಮೊಸರನ್ನ ಎಲ್ಲವೂ ಮನೆಯಿಂದಲೇ ಹೊರಟವು. ಕುರುಗೋಡಿನಲ್ಲಿ ಇಳಿದು ದೊಡ್ಡ ಬಸವಣ್ಣನನ್ನು ನೋಡಿದೆವು. ಆ ಕಲ್ಲಿನ ಮೈಯನ್ನು ಅತ್ತೆ ಕತ್ತೆತ್ತಿ ಬಹಳ ಹೊತ್ತು ನೋಡಿ, “ಇಷ್ಟು ದೊಡ್ಡಾಂವ ಊರ ನಡುವ ಕುಂತಾನ, ಒಬ್ಬರನ್ನೂ ಹಾಯ್ದಿಲ್ಲ ನೋಡು” ಎಂದು ಮೆಚ್ಚಿಕೊಂಡರು. ಆ ದಿನ ಅತ್ತೆ ನೋಡಿದ್ದೆಲ್ಲಕ್ಕೂ ಇದೇ ಸತ್ಕಾರ. ಕಮಲಾಪುರ ತಲುಪಿ, ಮೃಗಾಲಯದ ಜಿಂಕೆಗಳನ್ನು ಕಂಡು, “ಕಾಡಿಗಿ ಯಾರು ಹಚ್ಚಿದ್ರವ್ವ ನಿಮಗ?” ಎಂದು ಕೇಳಿದರು. ಕರಡಿಯನ್ನು ನೋಡಿ, “ಇಂಥ ಬಿಸಿಲಾಗ ಕಂಬಳಿ ಹೊದ್ದು ತಿರಗ್ತಾನಲ್ಲೋ ಪಾಪ” ಎಂದು ಮರುಗಿದರು. ದಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯ ಮುಂದೆ ನಿಂತು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿ, “ಹಿಂಗ ಮಲಗಾಂವ ನಮ್ಮ ಮನ್ಯಾಗೂ ಒಬ್ಬ ಅದಾನ” ಅಂದರು. ಪಕ್ಕದಲ್ಲಿದ್ದ ಅಪರಿಚಿತರೂ ಮನಸಾರೆ ನಕ್ಕರು.

ಸಿಂಹಗಳನ್ನು ನೋಡಲು ಕಿಟಕಿಗೆಲ್ಲ ಜಾಲರಿ ಬಡಿದ ಬಸ್ಸಿನಲ್ಲಿ ಹೋಗಬೇಕು. ಅತ್ತೆ ಕಿಟಕಿ ಹಿಡಿದು ಕುಳಿತರು. ಬಸ್ಸು ಒಳಗೆ ಹೋಯಿತು. ಮರದ ಬುಡದಲ್ಲಿ ಸಿಂಹ ಮಲಗಿತ್ತು, ಸರಿಯಾಗಿ ನಮಗೆ ಬೆನ್ನು ಮಾಡಿ. ಜನ ಚಪ್ಪಾಳೆ ತಟ್ಟಿದರು, ಸಿಳ್ಳೆ ಹಾಕಿದರು, “ಏ ರಾಜಾ, ಈ ಕಡಿ ನೋಡೋ” ಎಂದು ಕೂಗಿದರು. ಅತ್ತೆಗೆ ಸಿಟ್ಟು ಬಂತು. “ಯಾಕ ಒದರ್ತೀರಿ? ಉಂಡು ಮಲಗ್ಯಾನ. ನಿಮ್ಮನ್ನ ಯಾರರ ಹಿಂಗ ಎಬ್ಬಿಸಿದ್ರ ಸುಮ್ಮನ ಇರ್ತೀರೇನು?” ಬಸ್ಸಿಗೆ ಬಸ್ಸೇ ತೆಪ್ಪಗಾಯಿತು. ಬಾಲದ ತುದಿಯನ್ನು ಒಮ್ಮೆ ಎತ್ತಿ ಹಾಕಿದ್ದು ಬಿಟ್ಟರೆ ಸಿಂಹ ಮತ್ತೇನೂ ಮಾಡಲಿಲ್ಲ. ಬಸ್ಸು ತಿರುಗಿ ಬಂತು.

ಇಳಿದ ಮೇಲೆ ಅತ್ತೆ ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟರು. ವಿಜಯಾ ಬಡಿಸಿ ಕೊಟ್ಟ ಮೊಸರನ್ನ ಮಡಿಲಲ್ಲಿ ಹಾಗೆಯೇ ಇತ್ತು. “ಊಟ ಮಾಡ್ರಿ ಅತ್ತಿ” ಅಂದೆ. “ಬೆನ್ನು ತೋರಿಸಿದ ನೋಡು” ಅಂದರು. “ಆಪರೇಷನ್ ಆದಾಗಿಂದ ನನ್ನ ಮಡಿ, ಪೂಜಿ ಎಲ್ಲಾ ತಪ್ಪೈತಿ. ಅವನಿಗೆ ಸಿಟ್ಟು ಬಂದೈತೇನೋ. ಮುಖ ತೋರಿಸಾಕ ಮನಸ್ಸಿಲ್ಲ.” ಅದು ಬರೀ ಪ್ರಾಣಿ ಅತ್ತೆ, ನಿದ್ದೆ ಬಂದಿತ್ತು, ಮಲಗಿತ್ತು ಎಂದು ಹೇಳಲು ಬಾಯಿ ತೆರೆದೆ. ಡಾಕ್ಟರು ಕೊಟ್ಟ ಕಪ್ಪು ಕನ್ನಡಕದ ಕೆಳಗೆ ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ಕಾಣಿಸಿತು. ಆಗ ನನಗೇನಾಯಿತೋ ಗೊತ್ತಿಲ್ಲ, “ನಡೀರಿ, ಇನ್ನೊಂದು ಸಲ ಹೋಗಿ ಬರೋಣ” ಎಂದುಬಿಟ್ಟೆ. ರಘು ಗಾಬರಿಯಿಂದ ನನ್ನನ್ನು ನೋಡಿ, “ಭಾವಾರ, ಬಿಸಲು ಬಡದೈತೇನ್ರಿ ನಿಮಗ?” ಅಂದ.

ಈ ಸಲ ಬಸ್ಸಿನಲ್ಲಿ ಜನ ಕಡಿಮೆ. ಅತ್ತೆ ಕಿಟಕಿಯ ಹತ್ತಿರ, ಅವರ ಪಕ್ಕ ನಾನು, ಹಿಂದಿನ ಸೀಟಿನಲ್ಲಿ ಅಕ್ಕ ತಮ್ಮ. ಮರದ ಕೆಳಗೆ ಅದೇ ಬೆನ್ನು. ಯಾರೂ ಕೂಗಲಿಲ್ಲ. ಅತ್ತೆ ಜಾಲರಿಗೆ ಮುಖ ಹಚ್ಚಿ, ಮಗುವನ್ನು ಎಬ್ಬಿಸುವ ದನಿಯಲ್ಲಿ, “ರಾರಾವಿಯಿಂದ ಬಂದೀನಪ್ಪಾ” ಅಂದರು, ಅಷ್ಟೇ. ಅದಕ್ಕೆ ಕೇಳಿಸಿತೋ, ಮಲಗಿ ಮಲಗಿ ಬೇಸರ ಬಂದಿತ್ತೋ, ಸಿಂಹ ಎದ್ದಿತು. ಮೈಮುರಿಯಿತು. ಅವಸರವಿಲ್ಲದೆ ಹೆಜ್ಜೆ ಹಾಕುತ್ತ ಬಸ್ಸಿನ ಕಡೆಗೆ, ಅದರಲ್ಲೂ ನಮ್ಮ ಕಿಟಕಿಯ ಕಡೆಗೇ ಬಂತು. ಇಲ್ಲಿಂದ ಮುಂದಿನದನ್ನು ನಾನು ವಿಜಯಾಳ ಬಾಯಿಂದ ಕೇಳಿ ಹೇಳುತ್ತಿದ್ದೇನೆ. ಏಕೆಂದರೆ ಅದರ ಕೇಸರ ಕಿಟಕಿಯ ಅಂಚಿಗೆ ಬಂದಾಗ ನಾನು ಸೀಟುಗಳ ನಡುವೆ ನೆಲದ ಮೇಲಿದ್ದೆ. ಇಳಿದದ್ದು ಯಾವಾಗ ಎಂದು ನನಗೇ ತಿಳಿಯದು.

ಸಿಂಹ ಕಿಟಕಿಯ ಕೆಳಗೆ ನಿಂತು ಮುಖವೆತ್ತಿತಂತೆ. ಅತ್ತೆ ಕಪ್ಪು ಕನ್ನಡಕ ತೆಗೆದು ಕೈ ಮುಗಿದರಂತೆ. ಅದು ಗರ್ಜಿಸಲಿಲ್ಲ, ಹಲ್ಲು ಕಿಸಿಯಲಿಲ್ಲ. ಸ್ವಲ್ಪ ಹೊತ್ತು ಇವರನ್ನು ನೋಡಿ, ಕಣ್ಣು ಮಿಟುಕಿಸಿ, ಬಸ್ಸಿನ ಪಕ್ಕದಲ್ಲೇ ನಡೆದುಹೋಯಿತಂತೆ. ನನ್ನ ಕಿವಿಗೆ ಬಿದ್ದದ್ದು ಅತ್ತೆಯ ಮಾತು ಮಾತ್ರ. “ಎಷ್ಟು ಸಮಾಧಾನದ ಮುಖ ಐತಲ್ಲೇ ವಿಜೀ! ಪಟ ಬರಿಯೋರು ಸುಮ್ಮನ ಸಿಟ್ಟು ಬರದಾರ. ನಾನು ಇಷ್ಟು ವರ್ಷ ಅಂಜಿಕೋತ ದೀಪ ಹಚ್ಚಿದೆನಲ್ಲೇ. ಅಂಜೋ ಅಂಥದ್ದೇನೂ ಇಲ್ಲ ಅವನ ಮುಖದಾಗ.”

ಕೆಳಗಿಳಿದ ಅತ್ತೆ ಮೊಸರನ್ನವನ್ನು ಖಾಲಿ ಮಾಡಿ, ಅವಲಕ್ಕಿಯನ್ನೂ ಕೇಳಿ ಹಾಕಿಸಿಕೊಂಡರು. ಬಳ್ಳಾರಿ ಬರುವ ತನಕ ಕಾರಿನಲ್ಲಿ ದೇವರನಾಮ ಹೇಳಿದರು. ದನಿಗೂ ಪೊರೆ ತೆಗೆದ ಹಾಗಿತ್ತು. ಸಂಜೆ ರಾರಾವಿಯ ಸೊಸೆಗೆ ಫೋನು ಮಾಡಿ ಎಲ್ಲವನ್ನೂ ಹೇಳತೊಡಗಿದಾಗ ನಾನು ಮೆಲ್ಲಗೆ ಅಡುಗೆಮನೆಗೆ ಸರಿದೆ. ನನ್ನ ವಿಷಯ ಬಂದೇ ಬರುತ್ತದೆ ಎಂದು ಗೊತ್ತಿತ್ತು. ಬಂತು. “ನಾವೆಲ್ಲಾ ಕುಂತಲ್ಲೇ ಕೈ ಮುಗದ್ವಿ. ಆದ್ರ ನಮ್ಮ ಪಾಣಿ ಭಕ್ತಿ ಏನು ಹೇಳ್ಲಿ! ಸ್ವಾಮಿ ಹತ್ರ ಬಂದ ಕೂಡ್ಲೇ ಬಸ್ಸಿನ ನೆಲಕ್ಕ ಹಣಿ ಹಚ್ಚಿಬಿಟ್ಟ. ಅವ ಮುಂದ ಹೋಗೋ ತನಕ ತಲಿ ಎತ್ತಲಿಲ್ಲ.”

ವಿಜಯಾ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಓಡಿದಳು. ನಾನು ತಿದ್ದಲು ಹೋಗಲಿಲ್ಲ. ಈ ಸುದ್ದಿ ಸಿರುಗುಪ್ಪದ ಕಡೆಯ ನಮ್ಮ ಬಳಗದಲ್ಲೆಲ್ಲ ಹಬ್ಬಿದೆ. ಈ ಸಲ ನರಸಿಂಹ ಜಯಂತಿಗೆ ಪಾಣಿಯನ್ನು ದೇವರ ಎದುರಿಗೇ ಕೂಡಿಸಬೇಕೆಂದು ರಾರಾವಿಯಿಂದ ಕರೆ ಬಂದಿದೆ. ಧೈರ್ಯವಾಗಿ ಒಪ್ಪಿಕೊಂಡಿದ್ದೇನೆ. ಆ ಮೂರ್ತಿ ಕಲ್ಲಿನದು, ಎದ್ದು ಬರುವುದಿಲ್ಲ ಎಂದು ಅತ್ತೆಯ ಮಗನನ್ನು ವಿಚಾರಿಸಿಕೊಂಡೇ ಒಪ್ಪಿದ್ದು.