ಅರ್ಧ ಆರಾಧನೆಯ ಅರ್ಜಿ

ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಎರಡೇ ಸಾಲು ಇತ್ತು: ಇಂದು ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರ ಕೂಟ. ವಿಷಯ, ಆರಾಧನೆಯ ಸಮಯ ಬದಲಾವಣೆ. ಅದನ್ನು ಓದಿದ್ದೇ ತಡ, ಪೀಣ್ಯದಲ್ಲಿ ರಾತ್ರಿಯಿಡೀ ಪ್ರೆಸ್ ಮಷಿನ್ ಮುಂದೆ ನಿಂತು ಬಂದಿದ್ದ ಗದಿಗೆಪ್ಪನ ನಿದ್ದೆ ಹಾರಿಹೋಯಿತು.

ಇಪ್ಪತ್ತು ವರ್ಷ ಕನ್ನಡ ಆರಾಧನೆ ಒಂಬತ್ತಕ್ಕೇ ಇತ್ತು. ಮಾಕಳಿಯ ಸುತ್ತ ಅಪಾರ್ಟ್‌ಮೆಂಟುಗಳು ಎದ್ದವು, ಇಂಗ್ಲಿಷ್ ಆರಾಧನೆ ಹುಟ್ಟಿತು, ಆರು ತಿಂಗಳ ಹಿಂದೆ ಒಂಬತ್ತು ಗಂಟೆ ಅವರ ಪಾಲಾಯಿತು. ಕನ್ನಡದವರಿಗೆ ಆರೂವರೆ. ರಾತ್ರಿ ಪಾಳಿ ಬಿಡುವುದೇ ಏಳಕ್ಕೆ. ಗದಿಗೆಪ್ಪನಂಥವರು ಓಡೋಡಿ ಬಂದರೂ ಸಿಗುತ್ತಿದ್ದುದು ಪ್ರಸಂಗದ ಬಾಲ, ಕಡೆಯ ಕೀರ್ತನೆ, ಆಶೀರ್ವಾದ. ಮದುವೆಮನೆಯ ಕಡೆಯ ಪಂಕ್ತಿಗೆ ಬರೀ ಮಜ್ಜಿಗೆ ಸಿಕ್ಕ ಹಾಗೆ. ಹೊಸದಾಗಿ ವರ್ಗವಾಗಿ ಬಂದ ಪಾದ್ರಿ ಅಯ್ಯನವರನ್ನು ಕೇಳಿದರೆ, ದೇವರ ಸಮಯಕ್ಕೆ ಕಾಯೋಣ ಎನ್ನುತ್ತಿದ್ದರು. ದೇವರ ಸಮಯ ಅಪಾರ್ಟ್‌ಮೆಂಟಿನವರ ನಿದ್ದೆ ಮುಗಿದ ಮೇಲೇ ಯಾಕೆ ಶುರುವಾಗುತ್ತದೆ ಎಂಬುದು ಗದಿಗೆಪ್ಪನ ಸಂಶಯ.

ಮುಂದಿನ ಬೆಂಚಿನ ಶೇಖವ್ವಜ್ಜಿ ಬೋರ್ಡಿಗೆ ಮೂಗು ತಾಗಿಸಿ ಓದಿದಳು.

"ನಮ್ಮಂಥವರಿಗೆ ಬದಲಾವಣಿ ಅಂದ್ರ ಕೆಳಗ ಇಳಿಯೂದ ತಮ್ಮಾ. ಐದೂವರಿ ಮಾಡ್ತಾರ ನೋಡು."

ಐದೂವರೆಯಾದರೆ ಆಶೀರ್ವಾದವೂ ಹೋಯಿತು. ಗದಿಗೆಪ್ಪ ಟೀ ಅಂಗಡಿಯಲ್ಲಿ ಇಬ್ಬರಿಗೆ ಹೇಳಿದ. ಟೀ ಮುಗಿಯುವಷ್ಟರಲ್ಲಿ ಸುದ್ದಿ ಊರು ಸುತ್ತಿ ಅವನ ಹತ್ತಿರವೇ ವಾಪಸು ಬಂತು: ಐದು ಗಂಟೆಗಂತೆ, ಸೈಕಲ್ ಶೆಡ್ಡಿನಲ್ಲಂತೆ, ಕುರ್ಚಿ ನಾವೇ ತರಬೇಕಂತೆ.

ಅಯ್ಯನವರ ಮನೆಗೆ ಓಡಿದ. ಅವರು ದೋಸೆ ತಿನ್ನುತ್ತ, "ಕೂಟದಲ್ಲಿ ಹೇಳ್ತೀನಿ ಕಣಪ್ಪ, ಎಲ್ಲಕ್ಕೂ ಒಂದು ಸಮಯ ಇದೆ" ಎಂದು ನಕ್ಕರು. ಆ ನಗು ಗದಿಗೆಪ್ಪನಿಗೆ ಗೊತ್ತಿದ್ದದ್ದೇ. ಕಾರ್ಖಾನೆಯಲ್ಲಿ ನಲವತ್ತು ಜನರನ್ನು ಮನೆಗೆ ಕಳಿಸುವ ಹಿಂದಿನ ದಿನ ಮ್ಯಾನೇಜರ್ ನಕ್ಕಿದ್ದೂ ಹೀಗೇ, ಲಾಡು ಹಂಚಿ.

ಯೂನಿಯನ್ನಿನಲ್ಲಿ ಪಳಗಿದ ಕೈ. ಜೇಬಿನಲ್ಲಿದ್ದ ರಜೆ ಫಾರಂ ಹಿಂದೆ ಅರ್ಜಿ ಗೀಚಿದ: "ಈಗಿರುವ ಆರಾಧನೆಯ ಸಮಯವನ್ನು ಇನ್ನು ...... ವರ್ಷ ಯಾರೂ ಬದಲಾಯಿಸಕೂಡದು." ಒಂಬತ್ತು ಗಂಟೆ ಕೇಳುವ ಆಸೆ ಅವನಿಗೂ ಸತ್ತಿತ್ತು, ಇರುವ ಅರ್ಧವಾದರೂ ಉಳಿಯಲಿ. ವರ್ಷದ ಜಾಗ ಖಾಲಿ ಬಿಟ್ಟು ಮನೆಮನೆ ತಿರುಗಿದ. ಒಂದು ಮನೆಯಲ್ಲಿ ಸೋಫಾದ ಮೇಲೆ ನಿದ್ದೆ ಹೋದ, ಇನ್ನೊಂದರಲ್ಲಿ ನಾಯಿ ಅಟ್ಟಿಸಿಕೊಂಡು ಬಂತು. ಅಂತೂ ಅರವತ್ತೆರಡು ಸಹಿಯಾಯಿತು. ಅರ್ಜಿ ಕೂಟದ ಮುಂದೆ ಬರಲು ನೂರು ಬೇಕು.

ಗೇಟಿನಲ್ಲಿ ಸಭೆಯ ಕಾರ್ಯದರ್ಶಿ ಶಿವಾನಿ ಸಿಕ್ಕಳು; ಇಂಗ್ಲಿಷ್ ಆರಾಧನೆಯವಳು. ಗದಿಗೆಪ್ಪ ಕಾಗದ ಬಚ್ಚಿಡುವ ಮೊದಲೇ ಓದಿಬಿಟ್ಟಳು. ಜಗಳಕ್ಕೆ ಅವನು ತೋಳೇರಿಸುತ್ತಿದ್ದರೆ, ಅವಳ ಮುಖ ಅರಳಿತು.

"ಕರೆಕ್ಟಾಗಿದೆ ಬ್ರದರ್. ಪದೇ ಪದೇ ಬದಲಾಯಿಸಿದ್ರೆ ಯಾರಿಗೂ ಒಳ್ಳೇದಲ್ಲ. ಐದು ವರ್ಷ ಅಂತ ಹಾಕಿ."

ತಾನೇ ಪೆನ್ನು ಕೊಟ್ಟು, ತನ್ನವರಿಂದ ನಲವತ್ತು ಸಹಿಯನ್ನೂ ಹಾಕಿಸಿಕೊಟ್ಟಳು. ಗದಿಗೆಪ್ಪನೇನು ದಡ್ಡನೇ? ಶಾಯಿ ಅಳಿಸಿಹೋಗುವ ಜಾತಿಯದೇನೋ ಎಂದು ಅಂಗೈ ಮೇಲೆ ಗೀಚಿ, ಉಗುಳು ಹಚ್ಚಿ ಉಜ್ಜಿ ನೋಡಿದ. ಅಳಿಸಲಿಲ್ಲ. ಸಮಾಧಾನವಾಯಿತು.

ಕೂಟದಲ್ಲಿ ಅಯ್ಯನವರು ಒಂದು ಲಕೋಟೆ ಹಿಡಿದು ಎದ್ದರು. ಗದಿಗೆಪ್ಪ ಅದಕ್ಕಿಂತ ಮೊದಲು ಎದ್ದ.

"ಮೊದಲು ನಮ್ಮ ಅರ್ಜಿ ಓದ್ರಿ, ಅಯ್ಯನವರ."

"ಸ್ವಲ್ಪ ತಾಳಪ್ಪ. ಇದನ್ನ ಓದಿಬಿಡ್ತೀನಿ."

"ಆರು ತಿಂಗಳು ತಾಳೇವ್ರಿ."

ಚಪ್ಪಾಳೆ ಬಿತ್ತು. ನಿಯಮದ ಪ್ರಕಾರ ಅರ್ಜಿಯೇ ಮೊದಲು ಎಂದು ಶಿವಾನಿ ಎದ್ದುನಿಂತು ನೆನಪಿಸಿದಳು. ಕೈ ಎತ್ತಿರಿ ಎಂದಾಗ ಕನ್ನಡದ ಕೈ, ಇಂಗ್ಲಿಷಿನ ಕೈ ಒಟ್ಟಿಗೇ ಎದ್ದವು; ಆ ಚರ್ಚಿನಲ್ಲಿ ಅಂಥ ಒಗ್ಗಟ್ಟನ್ನು ಯಾರೂ ಕಂಡಿರಲಿಲ್ಲ. ಐದು ವರ್ಷ ಸಮಯ ಬದಲಾಗದು ಎಂದು ತೀರ್ಮಾನವಾಯಿತು. ಗದಿಗೆಪ್ಪ ಗೆದ್ದ ಟಗರಿನ ಹಾಗೆ ಸುತ್ತ ನೋಡಿದ.

ಅಯ್ಯನವರು ಲಕೋಟೆಯಿಂದ ಕಾಗದ ತೆಗೆದು ಓದಿದರು. ಬಿಷಪ್ಪರ ಪತ್ರ. ಅಯ್ಯನವರ ಮನವಿಯಂತೆ, ಮುಂದಿನ ಭಾನುವಾರದಿಂದ ಕನ್ನಡ ಆರಾಧನೆ ಮತ್ತೆ ಒಂಬತ್ತಕ್ಕೆ, ಇಂಗ್ಲಿಷ್ ಆರಾಧನೆ ಆರೂವರೆಗೆ. ಸಭೆ ಒಪ್ಪಿದರೆ ಮಾತ್ರ. ಕೆಳಗೆ ಸಣ್ಣಕ್ಷರದಲ್ಲಿ, ಕಾರ್ಯದರ್ಶಿಗೆ ಒಂದು ಪ್ರತಿ ಗುರುವಾರವೇ ಕಳಿಸಲಾಗಿದೆ.

ಗದಿಗೆಪ್ಪ ಶಿವಾನಿಯ ಕಡೆ ತಿರುಗಿದ.

"ಸಭೆಯ ತೀರ್ಮಾನ ಬ್ರದರ್," ಎಂದಳು ಅವಳು ಮೆಲ್ಲಗೆ. "ಗೌರವಿಸ್ಬೇಕು ಅಲ್ವಾ?"

ಕಡೆಯ ಪ್ರಾರ್ಥನೆಯನ್ನು ಅವನೇ ಮಾಡಲಿ ಎಂದೂ ಅವಳೇ ಸೂಚಿಸಿದಳು. ಗದಿಗೆಪ್ಪ ಗೋಡೆಗೆ ಒರಗಿ ನಿಂತು ಕಣ್ಣು ಮುಚ್ಚಿದ. ಎಲ್ಲರೂ ತಲೆ ಬಾಗಿಸಿದರು. ನಿಮಿಷ ಕಳೆದರೂ ಮಾತು ಬರಲಿಲ್ಲ. ಆಮೇಲೆ ಗೊರಕೆ ಬಂತು. ಅಯ್ಯನವರು ಅವನ ಭುಜ ಮುಟ್ಟಲು ಕೈ ಚಾಚಿದರು.

"ಎಬ್ಬಸಬ್ಯಾಡ್ರಿ ಅಯ್ಯನವರ," ಎಂದಳು ಶೇಖವ್ವಜ್ಜಿ. "ಇನ್ನ ಐದು ವರ್ಷ ಏನೂ ಅವಸರಿಲ್ಲ."