ನಾನು ಸುಟ್ಟ ರೊಟ್ಟಿ, ಅಲ್ಲಾಲ್ ಒಪ್ಪಿಕೊಂಡ ತಪ್ಪು

"ನಾಳೆಯಿಂದ ಈ ಮನೆಯ ರೊಟ್ಟಿ ನನ್ನ ಹೊಣೆ!" ಎಂದು ನಾನು ಎದೆ ತಟ್ಟಿಕೊಂಡು ಘೋಷಿಸಿದಾಗ ನನ್ನ ಹೆಂಡತಿ ಯಾಮ್ನಾ ಬಟಾಣಿ ಸುಲಿಯುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಹಿಟ್ಟಿನ ಡಬ್ಬ ಎಲ್ಲಿದೆ ಅಂತ ಗೊತ್ತಾ ನಿಂಗೆ?"

"ಹುಡುಕಿದರೆ ಸಿಗುತ್ತೆ!"

ವಿಷಯ ಇಷ್ಟೇ. ಮೆಕ್ನೆಸ್ ಪಟ್ಟಣದ ನಮ್ಮ ಓಣಿಯ ತುದಿಯಲ್ಲಿ ಹೆಂಗಸರಿಗೆ ಕಫ್ತಾನ್ ನಿಲುವಂಗಿ ಹೊಲಿಯಲು ಕಲಿಸುವ ಕೇಂದ್ರವೊಂದು ಶುರುವಾಗಿತ್ತು. ಯಾಮ್ನಾಗೆ ಸೇರುವ ಆಸೆ. ಮದುವೆಯಾದಾಗಿನಿಂದ ಆಕೆ ತನಗಾಗಿ ಕೇಳಿದ್ದು ಇದೊಂದೇ. ಹೆಸರು ಕೊಡಲು ಮರುದಿನವೇ ಕಡೆಯ ದಿನ. ಆದರೆ ಪಾಠ ನಡೆಯುವುದು ಬೆಳಗಿನ ಹೊತ್ತು, ರೊಟ್ಟಿಯ ಹಿಟ್ಟು ನಾದುವುದೂ ಅದೇ ಹೊತ್ತು.

"ಅಂಗಡಿ ರೊಟ್ಟಿ ತಂದರಾಯ್ತಪ್ಪ" ಎಂದೆ.

"ಅಂಗಡಿ ರೊಟ್ಟಿ ತಿಂದ ದಿನ ಸಂಜೆವರೆಗೂ ಗೊಣಗೋದು ಯಾರು? ನಾಳೆ ನೀನೇ ಮಾಡಿ ಹಾಕು. ಬಾಯಿಗೆ ಇಡೋ ಹಾಗಿದ್ರೆ ಊಟ ಮುಗಿಸಿ ಹೋಗಿ ಹೆಸರು ಕೊಡ್ತೀನಿ. ಇಲ್ಲಾಂದ್ರೆ ಈ ಮಾತೇ ಬೇಡ."

ಅಂಚೆ ಕಚೇರಿಯಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ನನಗೆ ಹಿಟ್ಟು ನಾದುವುದು ಯಾವ ಲೆಕ್ಕ! ಬೆಳಿಗ್ಗೆ ಯಾಮ್ನಾಳನ್ನು ಅಡುಗೆಮನೆಯಿಂದ ಹೊರಗೆ ಹಾಕಿ ಬಾಗಿಲು ಮುಚ್ಚಿದೆ. ಯೀಸ್ಟ್‌ಗೆ ಬೆಚ್ಚಗಿನ ನೀರು ಬೇಕೆಂದು ಕೇಳಿದ್ದೆ. ಬೆಚ್ಚಗಿನದೇ ಒಳ್ಳೆಯದಾದರೆ ಕುದಿಯುವುದು ಇನ್ನೂ ಒಳ್ಳೆಯದಲ್ಲವೇ ಎಂದು ಕುದಿಯುವ ನೀರನ್ನೇ ಸುರಿದೆ. ಯೀಸ್ಟ್ ಅಲ್ಲೇ ಪ್ರಾಣ ಬಿಟ್ಟಿತೆಂದು ಆಗ ನನಗೆ ತಿಳಿಯಲಿಲ್ಲ. ಹಿಟ್ಟು ಉಬ್ಬಲಿಲ್ಲ. ಒಲೆಗೆ ಹೋದ ಮೇಲೆ ಉಬ್ಬೀತು ಎಂದುಕೊಂಡು ಗುಂಡಗೆ ತಟ್ಟಿ ಹಲಗೆಯ ಮೇಲೆ ಇಟ್ಟೆ.

ಈಗ ಮೇಲೆ ಹೊದಿಸುವ ಬಟ್ಟೆ! ಓಣಿಯ ಹಲಗೆಗಳೆಲ್ಲ ರೊಟ್ಟಿ ಸುಟ್ಟುಕೊಡುವ ಒಂದೇ ಒಲೆಮನೆಗೆ ಹೋಗುತ್ತವೆ. ಯಾವುದು ಯಾರದೆಂದು ತಿಳಿಯುವುದು ಹೊದಿಸಿದ ಬಟ್ಟೆಯಿಂದಲೇ. ನಮ್ಮದು ನೀಲಿ ಪಟ್ಟೆಯದು. ಅದು ಸಿಗಲಿಲ್ಲ. ಯಾಮ್ನಾಳನ್ನು ಕೇಳಿದರೆ ಮರ್ಯಾದೆ ಏನಾಗಬೇಕು? ತಾರಸಿಯ ಹಗ್ಗದ ಮೇಲೆ ಹಳದಿ ಹೂವಿನ ಬಟ್ಟೆಯೊಂದು ಒಣಗುತ್ತಿತ್ತು. ಅದನ್ನೇ ಎಳೆದು ಹೊದಿಸಿ, ಹಲಗೆಯನ್ನು ತಲೆಯ ಮೇಲಿಟ್ಟುಕೊಂಡು ಮೆರವಣಿಗೆ ಹೊರಟೆ. ಆ ಹಗ್ಗ ನಮ್ಮದೂ ಹೌದು, ಪಕ್ಕದ ಮನೆಯ ಲಲ್ಲಾ ಬತೂಲರದೂ ಹೌದು, ಅವರ ಹಲಗೆಯ ಬಟ್ಟೆಗಳೆಲ್ಲ ಹಳದಿ ಹೂವಿನವೇ ಎಂಬುದು ತಲೆಗೆ ಹೊಳೆಯಲಿಲ್ಲ.

ಮಧ್ಯಾಹ್ನ ಒಲೆಮನೆಯಲ್ಲಿ ಹಳದಿ ಹೂವಿನ ಹಲಗೆ ಒಂದೇ ಉಳಿದಿತ್ತು. ಮನೆಗೆ ತಂದು ಬಟ್ಟೆ ಸರಿಸಿದೆ. ಆಹಾ! ಹೊಂಬಣ್ಣ, ಹತ್ತಿಯಂಥ ಮೆದು, ಘಮಘಮ ಸೋಂಪು!

ನಾನು ಸೋಂಪು ಹಾಕಿರಲೇ ಇಲ್ಲ.

ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಯಾಮ್ನಾ ಒಂದು ತುಂಡು ಮುರಿದು ಬಾಯಿಗಿಟ್ಟಳು. ಅವಳ ಮುಖ ಅರಳಿತು. ಆ ಮುಖ ನೋಡಿದ ಮೇಲೆ ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು.

"ಬುಶ್ತಾ, ಇದು ನೀನೇ ಮಾಡಿದ್ದಾ? ಸೋಂಪು ಹಾಕೋದು ಯಾರು ಹೇಳಿಕೊಟ್ರು?"

"ಅದೆಲ್ಲ ಕೈಗುಣ ಯಾಮ್ನಾ, ಹೇಳಿಕೊಟ್ಟು ಬರೋದಲ್ಲ!"

ಅವಳು ಬೇಗ ಬೇಗ ಉಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಹೊಸ್ತಿಲಿಗೆ ಬಂದಳು. ಕದ ತೆಗೆದರೆ ಎದುರಿಗೆ ಲಲ್ಲಾ ಬತೂಲರ ಗಂಡ, ಓಣಿಯೆಲ್ಲ ಗೌರವದಿಂದ 'ಸಿ' ಸೇರಿಸಿ ಕರೆಯುವ ಅಲ್ಲಾಲ್! ಮುಖ ಬಾಡಿಹೋಗಿದೆ, ಕಂಕುಳಲ್ಲಿ ಒಂದು ರೊಟ್ಟಿ.

"ಬುಶ್ತಾ, ಇವತ್ತೊಂದು ದಿನ ನಿಮ್ಮನೇಲಿ ಮಲಗೋಕೆ ಜಾಗ ಕೊಡ್ತೀಯಾ?"

"ಏನಾಯ್ತು ಸಿ ಅಲ್ಲಾಲ್?" ಎಂದಳು ಯಾಮ್ನಾ.

"ಏನು ಹೇಳ್ಲಿ ತಾಯಿ! ಒಲೆಮನೆಯಿಂದ ರೊಟ್ಟಿ ತಂದೆ. ಮುರಿಯೋಕೆ ಹೋದ್ರೆ ಕೈಯೇ ಮುರೀಬೇಕು! ನಮ್ಮವಳ ಕೈಯಲ್ಲಿ ಇಂಥ ರೊಟ್ಟಿ ಯಾವತ್ತಾದ್ರೂ ಆಗಿದ್ದುಂಟಾ? ಬೇಕಂತಲೇ ಮಾಡಿದ್ದಾಳೆ, ಏನೋ ಗೊತ್ತಾಗಿ ಸಿಟ್ಟಾಗಿದ್ದಾಳೆ ಅನ್ನಿಸ್ತು. ಅವಳು ಶುರು ಮಾಡೋಕೆ ಮುಂಚೆ ನಾನೇ ಒಪ್ಕೊಂಡ್ಬಿಟ್ಟೆ."

"ಏನಂತ?"

"ಅವಳ ತಾಯಿ ಕೊಟ್ಟಿದ್ದ ತಜೀನ್ ಮಡಕೆ ಒಡೆದದ್ದು ಬೆಕ್ಕಲ್ಲ, ನಾನು ಅಂತ. ಪಾಪ, ಆ ಬೆಕ್ಕನ್ನ ಆವತ್ತೇ ಮನೆಯಿಂದ ಓಡಿಸಿದ್ಲು."

"ಲಲ್ಲಾ ಬತೂಲ್‌ಗೆ ಅದು ಗೊತ್ತಾಗಿತ್ತಾ?"

"ಎಲ್ಲಿ! ಅವಳಿನ್ನೂ ರೊಟ್ಟಿ ಮುಟ್ಟೇ ಇರಲಿಲ್ಲ!"

ಯಾಮ್ನಾ ಆ ರೊಟ್ಟಿಯನ್ನು ತೆಗೆದುಕೊಂಡು ಬಾಗಿಲಿಗೆ ಕುಟ್ಟಿದಳು. ಯಾರೋ ಬಂದರೆಂದು ಎದುರುಮನೆಯವರು ಕದ ತೆಗೆದರು. ಆಮೇಲೆ ನಮ್ಮ ತಟ್ಟೆಯಲ್ಲಿ ಉಳಿದಿದ್ದ ಸೋಂಪಿನ ಕಾಳು ನೋಡಿದಳು, ಹಳದಿ ಹೂವಿನ ಬಟ್ಟೆ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಕೈಗುಣ ಅಂದ್ಯಲ್ಲ ಬುಶ್ತಾ? ಊರಿನ ಕಾಗದವನ್ನೆಲ್ಲ ಸರಿಯಾದ ಮನೆಗೆ ಮುಟ್ಟಿಸಿದವನು, ನಿನ್ನ ಒಂದು ರೊಟ್ಟಿ ನಮ್ಮನೆಗೆ ತರೋಕಾಗ್ಲಿಲ್ವಾ?"

ನಾನು ಎಲ್ಲ ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ಸುಮ್ಮನೆ ತಲೆಯ ಬಟ್ಟೆ ಬಿಚ್ಚಲು ಕೈ ಎತ್ತಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳ ಕೈಯಿಂದ ರೊಟ್ಟಿ ಕಿತ್ತುಕೊಂಡೆ.

"ನೀನು ಹೋಗು! ರೊಟ್ಟಿ ಹದ ಕಲಿಯೋವರೆಗೂ ನಾನು ಮಾಡಿದ್ದನ್ನ ನಾನೇ ತಿಂತೀನಿ. ಗೊಣಗಿದ್ರೆ ಕೇಳು!"

"ಹಾಗಾದ್ರೆ ತಿನ್ನು, ನೋಡೋಣ."

ಕಚ್ಚಿದೆ. ದವಡೆಯಲ್ಲಿ ಕಟಕಟ ಸದ್ದಾಯಿತು. ಕಣ್ಣಲ್ಲಿ ನೀರು ಬಂತು. "ಚೆ... ಚೆನ್ನಾಗಿದೆ" ಎಂದೆ. ಯಾಮ್ನಾ ತಲೆಬಟ್ಟೆಯ ತುದಿ ಬಾಯಿಗೊತ್ತಿಕೊಂಡು ನಕ್ಕಳು. ಹಾಗೆ ನಗುತ್ತಲೇ ಓಣಿಯಲ್ಲಿ ನಡೆದು ಹೋಗಿ ಹೆಸರು ಕೊಟ್ಟು ಬಂದಳು.

ಅಷ್ಟರಲ್ಲಿ ರೊಟ್ಟಿ ಅದಲುಬದಲಾದದ್ದು ತಿಳಿದು ಲಲ್ಲಾ ಬತೂಲ್ ತೀರ್ಪು ಕೊಟ್ಟಾಗಿತ್ತು: ಸಿ ಅಲ್ಲಾಲ್ ಆ ಬೆಕ್ಕನ್ನು ಹುಡುಕಿ ತರುವವರೆಗೂ ದಿನಾ ನನ್ನ ಜೊತೆ ಕೂತು ಹಿಟ್ಟು ನಾದಬೇಕು! ಬೆಕ್ಕು ಬೇಗನೆ ಸಿಕ್ಕಿತು. ನನ್ನ ಕೈಗೆ ಮಾತ್ರ ಹದ ಇನ್ನೂ ಸಿಕ್ಕಿಲ್ಲ. ಆದರೂ ತಿನ್ನುತ್ತಿದ್ದೇನೆ, ಗೊಣಗಿಲ್ಲ.

ಮೊನ್ನೆ ಯಾಮ್ನಾ ಕೇಂದ್ರದಿಂದ ಬಂದವಳು ಮಡಿಸಿದ ಬಟ್ಟೆಯೊಂದನ್ನು ನನ್ನ ಕೈಗಿಟ್ಟಳು. "ನಾನೇ ಹೊಲಿದಿದ್ದು. ಮೊದಲನೇದು ನಿಂಗೇ" ಎಂದಳು. ಬಿಡಿಸಿ ನೋಡಿದರೆ ರೊಟ್ಟಿ ಹಲಗೆಗೆ ಹೊದಿಸುವ ಬಟ್ಟೆ. ಕಡು ಕೆಂಪು, ಸುತ್ತಲೂ ದಪ್ಪ ಕಪ್ಪು ಅಂಚು.

"ಇಷ್ಟು ಢಾಳಾದ ಬಣ್ಣ ಯಾಕೆ?" ಎಂದೆ.

"ಓಣಿಯಲ್ಲಿ ಇಂಥದ್ದು ಇನ್ನೊಂದಿಲ್ಲ" ಎಂದಳು ಯಾಮ್ನಾ. "ನಿನ್ನ ರೊಟ್ಟಿ ತಪ್ಪಿ ಇನ್ನೊಂದು ಮನೆಗೆ ಹೋಗಿ, ಇನ್ನೊಂದು ಸಂಸಾರ ಒಡೆಯೋದು ಬೇಡ."